'ಒಂದು ನಿಮಿಷದ ಕೆಲಸ' ಮತ್ತು ಎರಡು ಬೆರಳು: ನಮ್ಮ ಕರಾವಳಿಯ ಕಾರ್ಖಾನೆಗಳಲ್ಲಿ ಗಾಯ ತಪ್ಪಿಸುವ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ನಾನು ಹೆಲ್ಪರ್ ಆಗಿದ್ದಾಗ ನಡೆದದ್ದು. ಕನ್ವೇಯರ್ ಬೆಲ್ಟ್‌ನ ಕೊನೆಯ ರೋಲರ್‌ಗೆ ಗೋಣಿಯ ಒಂದು ಚೂರು ಸುತ್ತಿಕೊಂಡಿತ್ತು. ಆಪರೇಟರ್ ನನಗಿಂತ ಹತ್ತು ವರ್ಷ ದೊಡ್ಡವರು, ಕೆಲಸ ಚೆನ್ನಾಗಿ ಗೊತ್ತಿದ್ದವರು. "ಒಂಜಿ ನಿಮಿಷದ ಬೇಲೆ ಮಾರಾಯಾ" ಅಂದರು. ಬೆಲ್ಟ್ ಓಡುತ್ತಿರುವಾಗಲೇ ಗೋಣಿ ಎಳೆಯಲು ಕೈ ಹಾಕಿದರು. ಮೊದಲು ಹತ್ತಿಯ ಗ್ಲೌಸ್‌ನ ನೂಲು ಒಳಗೆ ಹೋಯಿತು, ಅದರ ಹಿಂದೆಯೇ ಕೈ. ನಾನು ಕೆಂಪು ಬಟನ್ ಒತ್ತಲು ಓಡಿದೆ. ಬಟನ್ ಎದುರು ಮೂಟೆ ಪೇರಿಸಿದ್ದರು. ಮೂಟೆ ಹತ್ತಿ, ಬಗ್ಗಿ, ಬಟನ್ ಮುಟ್ಟುವಷ್ಟರಲ್ಲಿ ಎರಡು ಬೆರಳಿನ ತುದಿ ಹೋಗಿತ್ತು.

ಅವರ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಫಿಟ್ಟರ್ ಆದೆ, ಸೂಪರ್‌ವೈಸರ್ ಆದೆ. ಬೇರೆ ಬೇರೆ ಕಡೆ ದುಡಿದೆ. ನಾನು ಕಂಡ ಗಾಯಗಳಲ್ಲಿ ಹೆಚ್ಚಿನವು ಮಾಮೂಲಿ ಉತ್ಪಾದನೆಯ ಹೊತ್ತಿನಲ್ಲಿ ಆದದ್ದಲ್ಲ. ಸಿಕ್ಕಿಕೊಂಡದ್ದನ್ನು ಬಿಡಿಸುವಾಗ, ಮೆಷಿನ್ ಒರೆಸುವಾಗ, ಮಾಡಿನ (ಛಾವಣಿಯ) ಸೋರಿಕೆ ನೋಡಲು ಹತ್ತಿದಾಗ, ಟ್ಯಾಂಕ್ ತೊಳೆಯಲು ಇಳಿದಾಗ ಆದದ್ದು. ಅಂದರೆ ಯಾರೂ "ಕೆಲಸ" ಎಂದು ಲೆಕ್ಕಕ್ಕೆ ಹಿಡಿಯದ ಕೆಲಸಗಳಲ್ಲಿ. ಈ ಮಾರ್ಗದರ್ಶಿ ಅಂಥ ಕೆಲಸಗಳ ಸುತ್ತಲೇ ಇದೆ. ದೊಡ್ಡ ಕಂಪನಿಗಳಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ. ನಾನು ಬರೆಯುತ್ತಿರುವುದು ಇಪ್ಪತ್ತು, ಐವತ್ತು ಜನ ದುಡಿಯುವ ಶೆಡ್‌ಗಳಿಗೆ. ಬೈಕಂಪಾಡಿ, ಮಲ್ಪೆ, ಮಣಿಪಾಲದ ಕೈಗಾರಿಕಾ ಪ್ರದೇಶ, ಗೇರುಬೀಜದ ಕಾರ್ಖಾನೆ, ಐಸ್ ಪ್ಲಾಂಟ್, ಫ್ಯಾಬ್ರಿಕೇಶನ್ ಶಾಪ್, ಎಲ್ಲಕ್ಕೂ.

ಹೆಜ್ಜೆ 1: ಒಂದು ವಾರ ಸುಮ್ನೆ ನೋಡಿ, ಬರೆಯಿರಿ

ಹೆಲ್ಮೆಟ್ ಖರೀದಿಗೆ ಓಡುವ ಮೊದಲು 100 ಪುಟದ ಒಂದು ನೋಟ್‌ಬುಕ್ ತನ್ನಿ. ಒಂದು ವಾರ ದಿನಕ್ಕೆ ಎರಡು ಸಲ ಶೆಡ್ ಸುತ್ತಿ. ಯಾರು ಎಲ್ಲಿ ಜಾರಿದರು, ಯಾರ ತಲೆಗೆ ಪೈಪ್ ತಾಗಿತು, ಯಾವ ಮೆಷಿನ್ ದಿನಕ್ಕೆ ಎಷ್ಟು ಸಲ ಜಾಮ್ ಆಯಿತು, ಬರೆದಿಡಿ. "ಸ್ವಲ್ಪದರಲ್ಲಿ ತಪ್ಪಿತು" ಎಂದು ಜನ ನಗುತ್ತಾ ಹೇಳುವ ಘಟನೆಗಳನ್ನು ಮುಖ್ಯವಾಗಿ ಬರೆಯಬೇಕು. ಇವತ್ತು ಸ್ಪಾನರ್ ಕಾಲಿನ ಪಕ್ಕದಲ್ಲಿ ಬಿತ್ತು ಅಂದರೆ ನಾಳೆ ಕಾಲಿನ ಮೇಲೇ ಬೀಳಬಹುದು ಅಲ್ವಾ?

ಹೀಗೆ ಹೇಳಿದವರನ್ನು ಬೈಯಬಾರದು, ಸಂಬಳ ಕತ್ತರಿಸಬಾರದು. ಒಬ್ಬನಿಗೆ ಒಂದು ಸಲ ಬೈದರೆ ಮುಂದೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ವಾರದ ಕೊನೆಗೆ ಪಟ್ಟಿ ನೋಡಿ. ಒಂದೇ ಜಾಗ, ಒಂದೇ ಕೆಲಸ ಮತ್ತೆ ಮತ್ತೆ ಬಂದಿರುತ್ತದೆ. ಅಲ್ಲಿಂದ ಶುರು ಮಾಡಿ. ಮೊದಲು ಆ ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಿ. ಆಗದಿದ್ದರೆ ಅಡ್ಡಕ್ಕೆ ಏನಾದರೂ ಹಾಕಿ. ಅದೂ ಸಾಲದಿದ್ದರೆ ಮಾತ್ರ ಗ್ಲೌಸ್, ಕನ್ನಡಕ. ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

ಹೆಜ್ಜೆ 2: ತಿರುಗುವುದಕ್ಕೆ ಗಾರ್ಡ್, ರಿಪೇರಿಗೆ ಬೀಗ

ತಿರುಗುವ ಶಾಫ್ಟ್, ಬೆಲ್ಟ್ ಪುಲ್ಲಿ, ಗೇರ್, ಚೈನ್, ಇವೆಲ್ಲಕ್ಕೂ ಗಾರ್ಡ್, ಅಂದರೆ ಕೈ ಹೋಗದಂತೆ ಮುಚ್ಚುವ ಕವಚ, ಇರಲೇಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದು ಕಾನೂನು. ಆದರೆ ಹೆಚ್ಚಿನ ಶೆಡ್‌ಗಳಲ್ಲಿ ಗಾರ್ಡ್ ಗೋಡೆಗೆ ಒರಗಿಕೊಂಡು ಕೂತಿರುತ್ತದೆ. ಯಾಕೆ? ಗ್ರೀಸ್ ಹಾಕಲು ಪ್ರತಿ ಸಲ ನಾಲ್ಕು ಬೋಲ್ಟ್ ಬಿಚ್ಚಬೇಕು, ಅದಕ್ಕೆ. ಹಾಗಾಗಿ ಗ್ರೀಸ್ ನಿಪ್ಪಲ್‌ಗೆ ಒಂದು ಸಣ್ಣ ಪೈಪ್ ಕೊಟ್ಟು ಗಾರ್ಡ್‌ನ ಹೊರಗೆ ತನ್ನಿ. ಅರ್ಧ ದಿನದ ಕೆಲಸ. ಗಾರ್ಡ್ ಮತ್ತೆ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಗಾರ್ಡ್ ತೆಗೆದವನನ್ನು ಬೈಯುವ ಮೊದಲು ಯಾಕೆ ತೆಗೆದ ಎಂದು ಕೇಳಿ. ಉತ್ತರದಲ್ಲೇ ಪರಿಹಾರ ಇರುತ್ತದೆ.

ಇನ್ನು ಬೀಗದ ವಿಷಯ. ಇಡೀ ಬರಹದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಮೆಷಿನ್ ಒಳಗೆ ಕೈ ಹಾಕುವ ಪ್ರತಿಯೊಬ್ಬನಿಗೂ ಸ್ವಂತದ್ದೊಂದು ಬೀಗ, ಒಂದೇ ಕೀ, ಅವನ ಹೆಸರಿನ ಟ್ಯಾಗ್. ಕ್ರಮ ಹೀಗೆ:

ಮೊದಲು ಅಕ್ಕಪಕ್ಕದವರಿಗೆ "ಮೆಷಿನ್ ನಿಲ್ಲಿಸ್ತಾ ಇದ್ದೇನೆ" ಎಂದು ಹೇಳಿ ನಿಲ್ಲಿಸಿ. ಬಟನ್ ಆಫ್ ಮಾಡಿದರೆ ಸಾಲದು, ಮೇನ್ ಸ್ವಿಚ್ ಇಳಿಸಿ ಅದಕ್ಕೆ ಬೀಗ ಹಾಕಿ. ಕೀ ನಿಮ್ಮ ಕಿಸೆಯಲ್ಲಿ ಇರಲಿ. ಇಬ್ಬರು ಕೆಲಸ ಮಾಡುವುದಾದರೆ ಎರಡು ಬೀಗ. ಆಮೇಲೆ ಒಳಗೆ ಉಳಿದಿರುವ ಶಕ್ತಿಯನ್ನು ಬಿಡಿ: ಗಾಳಿಯ ಲೈನ್‌ನ ಪ್ರೆಶರ್, ಎತ್ತಿ ನಿಲ್ಲಿಸಿದ ಪ್ರೆಸ್, ಬಿಗಿದಿರುವ ಸ್ಪ್ರಿಂಗ್, ಪೈಪ್‌ನಲ್ಲಿರುವ ಸ್ಟೀಮ್. ಕರೆಂಟ್ ಇಲ್ಲದಿದ್ದರೂ ಇವು ಕೈ ಮುರಿಯುತ್ತವೆ. ಇಷ್ಟಾದ ಮೇಲೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ನೋಡಿ. ಬೇರೆ ಸ್ವಿಚ್‌ಗೆ ಬೀಗ ಹಾಕಿ ಈ ಮೆಷಿನ್‌ಗೆ ಕೈ ಹಾಕಿದವರನ್ನು ನಾನು ಕಂಡಿದ್ದೇನೆ, ಈ ಒಂದು ಒತ್ತು ಅವರನ್ನು ಉಳಿಸಿತು. ಕೆಲಸ ಮುಗಿದ ಮೇಲೆ ಸ್ಪಾನರ್ ಎಣಿಸಿ, ಜನ ಎಣಿಸಿ, ಗಾರ್ಡ್ ಹಾಕಿ. ಬೀಗ ಹಾಕಿದವನೇ ಬೀಗ ತೆಗೆಯಬೇಕು. ಅವನು ಊಟಕ್ಕೆ ಹೋಗಿದ್ದರೆ ಕಾಯಿರಿ.

ತಿರುಗುವ ಮೆಷಿನ್ ಹತ್ತಿರ, ಅದರಲ್ಲೂ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ, ಗ್ಲೌಸ್ ಬೇಡ. ಉಂಗುರ, ವಾಚ್, ಸಡಿಲ ಅಂಗಿತೋಳು, ದುಪಟ್ಟಾ ಯಾವುದೂ ಬೇಡ. ಕೂದಲು ಕಟ್ಟಿ ಟೊಪ್ಪಿ ಒಳಗೆ ಇರಲಿ. ಕೆಂಪು ಬಟನ್ ಎದುರು ನೆಲದ ಮೇಲೆ ಹಳದಿ ಚೌಕ ಬರೆದು, ಅಲ್ಲಿ ಖಾಲಿ ಗೋಣಿ ಕೂಡ ಇಡಬಾರದು ಎಂದು ಹೇಳಿ.

ಹೆಜ್ಜೆ 3: ಟ್ಯಾಂಕ್, ಬಾವಿ, ಗುಂಡಿಗೆ ಸುಮ್ನೆ ಇಳಿಯಬೇಡಿ

2022ರ ಏಪ್ರಿಲ್‌ನಲ್ಲಿ ಬಜ್ಪೆ ಹತ್ತಿರದ ವಿಶೇಷ ಆರ್ಥಿಕ ವಲಯದಲ್ಲಿ ಮೀನು ಸಂಸ್ಕರಣೆಯ ಘಟಕವೊಂದರ ತ್ಯಾಜ್ಯದ ಟ್ಯಾಂಕ್‌ನಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಐದು ಕಾರ್ಮಿಕರು ಸತ್ತರು. ಮೊದಲು ಒಬ್ಬ ಬಿದ್ದ, ಅವನನ್ನು ಎತ್ತಲು ಉಳಿದವರು ಇಳಿದರು. ಇಂಥ ಕಡೆ ಕಾಪಾಡಲು ಹೋದವರ ಜೀವವೂ ಹೋಗುವುದು ಹೀಗೇ.

ಮೀನಿನ ತ್ಯಾಜ್ಯ, ಕೊಳಚೆ, ಗೊಬ್ಬರ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಇದರ ಮೋಸ ಏನೆಂದರೆ, ಪ್ರಮಾಣ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ದಾಟಿದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. "ವಾಸನೆ ಹೋಯಿತು, ಈಗ ಇಳಿಯಬಹುದು" ಎಂದು ಅನಿಸುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ಗಾಳಿಗಿಂತ ಭಾರ ಇರುವುದರಿಂದ ಅದು ತಳದಲ್ಲಿ ಕೂತಿರುತ್ತದೆ. ಇನ್ನೂ ಒಂದು ವಿಷಯ: ಕೆಸರು ಕಲಕಿದಾಗ ಅದರೊಳಗೆ ಸಿಕ್ಕಿಕೊಂಡ ಅನಿಲ ಒಮ್ಮೆಲೇ ಹೊರಬರುತ್ತದೆ. ಹಾಗಾಗಿ ಇಳಿಯುವ ಮೊದಲು ಸರಿ ಇದ್ದ ಗಾಳಿ ಹತ್ತು ನಿಮಿಷದಲ್ಲಿ ವಿಷ ಆಗಬಹುದು.

ಮೊದಲ ಪ್ರಶ್ನೆ: ಇಳಿಯದೆ ಆಗುತ್ತದಾ? ಪ್ರೆಶರ್ ಜೆಟ್, ಸಕ್ಷನ್ ಗಾಡಿ, ಉದ್ದ ಕೋಲಿನ ಬ್ರಷ್‌ನಿಂದ ಹೊರಗಿನಿಂದಲೇ ಹೆಚ್ಚಿನ ಕೆಲಸ ಆಗುತ್ತದೆ. ಇಳಿಯಲೇಬೇಕು ಎಂದಾದರೆ:

ಟ್ಯಾಂಕ್‌ಗೆ ಬರುವ ಎಲ್ಲಾ ಪೈಪ್ ಬಂದ್ ಮಾಡಿ ವಾಲ್ವ್‌ಗೆ ಬೀಗ ಹಾಕಿ. ಮುಚ್ಚಳಗಳನ್ನೆಲ್ಲ ತೆಗೆದು ಬ್ಲೋವರ್‌ನಿಂದ ತಾಜಾ ಗಾಳಿ ತಳದವರೆಗೆ ಹೋಗುವಂತೆ ಬಿಡಿ. ಆಕ್ಸಿಜನ್ ಸಿಲಿಂಡರ್ ಬಿಡಬೇಡಿ, ಒಂದು ಕಿಡಿಗೆ ಬೆಂಕಿ ಹತ್ತುತ್ತದೆ. ಬೆಂಕಿಕಡ್ಡಿ, ಮೇಣದಬತ್ತಿ ಇಳಿಸಿ ನೋಡುವ ಹಳೇ ಅಭ್ಯಾಸವೂ ಬೇಡ, ಮೀಥೇನ್ ಇದ್ದರೆ ಸ್ಫೋಟ ಆಗುತ್ತದೆ. ನಾಲ್ಕು ಅನಿಲ ಅಳೆಯುವ ಮೀಟರನ್ನು ಹಗ್ಗದಲ್ಲಿ ಇಳಿಸಿ ಮೇಲೆ, ಮಧ್ಯ, ತಳ ಮೂರೂ ಕಡೆ ಅಳೆಯಿರಿ. ಆಕ್ಸಿಜನ್ 19.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. ಹೊರಗಿನ ಗಾಳಿಯಲ್ಲಿ ಅದು 20.9 ಇರುತ್ತದೆ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೂ ಬೇಡ. ಇಳಿದವನ ಎದೆಯ ಮೇಲೆ ಮೀಟರ್ ಆನ್ ಇರಬೇಕು, ಬ್ಲೋವರ್ ಓಡುತ್ತಲೇ ಇರಬೇಕು. ಮುಖಕ್ಕೆ ಕಟ್ಟುವ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ.

ಇಳಿಯುವವನಿಗೆ ಹಾರ್ನೆಸ್ (ಇಡೀ ಮೈಗೆ ಬಿಗಿಯುವ ಪಟ್ಟಿಗಳು), ಅದಕ್ಕೆ ಹಗ್ಗ, ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಮತ್ತು ತಿರುಗಿಸಿ ಎತ್ತುವ ವಿಂಚ್. ಬಾಯಿಯ ಹತ್ತಿರ ಒಬ್ಬ ಕಾವಲು. ಅವನಿಗೆ ಅದೊಂದೇ ಕೆಲಸ, ಫೋನ್ ನೋಡಬಾರದು, ಚಹಾ ತರಲು ಹೋಗಬಾರದು. ಒಳಗಿನವನು ಕುಸಿದರೆ ಕಾವಲಿನವನು ವಿಂಚ್ ತಿರುಗಿಸಬೇಕು, ಕೂಗಬೇಕು, 101 ಮತ್ತು 108ಕ್ಕೆ ಫೋನ್ ಮಾಡಬೇಕು. ಇಳಿಯಬಾರದು. ಒಳಗಿರುವುದು ಸ್ವಂತ ತಮ್ಮನಾದರೂ ಇಳಿಯಬಾರದು. ಈ ಮಾತು ಹೇಳಲು ನನಗೂ ಕಷ್ಟ. ಆದರೆ ಕೆಲಸ ಶುರುವಾಗುವ ಮೊದಲೇ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು.

ಈ ಸಲಕರಣೆ ಇಲ್ಲದಿದ್ದರೆ ಆ ಕೆಲಸ ನಿಮ್ಮ ಜನರದ್ದಲ್ಲ. ಇರುವವರನ್ನು ಕರೆಸಿ.

ಹೆಜ್ಜೆ 4: ಮಳೆಗಾಲದ ಮೊದಲು ಮಾಡು ಹತ್ತುವವರಿಗೆ

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಎಲ್ಲಾ ಶೆಡ್‌ಗಳ ಮಾಡಿನ ರಿಪೇರಿ. ಸಿಮೆಂಟ್ ಶೀಟ್ ಮನುಷ್ಯನ ಭಾರ ತಡೆಯುವುದಿಲ್ಲ. ಹಳೆಯದಾದಷ್ಟೂ ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಬಿಸ್ಕತ್ತಿನ ಹಾಗೆ. ಅದಕ್ಕಿಂತ ಕೆಟ್ಟದ್ದು ಬೆಳಕಿಗಾಗಿ ನಡುವೆ ಹಾಕಿದ ಫೈಬರ್ ಶೀಟ್. ನಾಲ್ಕೈದು ಮಳೆಗಾಲ ಕಳೆದರೆ ಅದರ ಮೇಲೂ ಪಾಚಿ, ಧೂಳು ಕೂತು ಪಕ್ಕದ ಸಿಮೆಂಟ್ ಶೀಟ್‌ನ ಬಣ್ಣಕ್ಕೇ ಬರುತ್ತದೆ. ಮೇಲೆ ನಿಂತವನಿಗೆ ಯಾವುದು ಯಾವುದು ಎಂದು ಗೊತ್ತೇ ಆಗುವುದಿಲ್ಲ. ಹತ್ತುವ ಮೊದಲು ಶೆಡ್ ಒಳಗೆ ನಿಂತು ಬೆಳಕು ಬರುವ ಶೀಟ್‌ಗಳನ್ನು ಎಣಿಸಿ, ನಕ್ಷೆ ಬರೆದುಕೊಳ್ಳಿ.

ಆದಷ್ಟು ಕೆಳಗಿನಿಂದಲೇ, ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು ಮಾಡಿ. ಮೇಲೆ ಹೋಗಲೇಬೇಕಾದರೆ ಶೀಟ್ ಮೇಲೆ ಕಾಲಿಡಬೇಡಿ. ಮೂರು ನಾಲ್ಕು ಪರ್ಲಿನ್ (ಶೀಟ್ ಕೂತಿರುವ ಅಡ್ಡ ತೊಲೆ) ಮೇಲೆ ಕೂರುವಷ್ಟು ಉದ್ದದ, ಅಡ್ಡ ಪಟ್ಟಿ ಹೊಡೆದ ಹಲಗೆ ಹಾಕಿ ಅದರ ಮೇಲೆ ನಡೆಯಿರಿ. ಎರಡು ಹಲಗೆ ಬೇಕು, ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಹಾಕಲು. ಹಾರ್ನೆಸ್ ಕೊಕ್ಕೆಯನ್ನು ಮಾಡನ್ನು ಹೊತ್ತ ಗಟ್ಟಿ ಕಬ್ಬಿಣದ ಟ್ರಸ್‌ಗೆ ಅಥವಾ ಅದಕ್ಕೆ ಬಿಗಿದ ಲೈಫ್‌ಲೈನ್ ಹಗ್ಗಕ್ಕೆ ಸಿಕ್ಕಿಸಬೇಕು. ಮೈಗೆ ಕಟ್ಟಿಕೊಂಡು ಕೊಕ್ಕೆ ಎಲ್ಲೂ ಹಾಕದೆ ನಡೆಯುವುದರಿಂದ ಏನೂ ಪ್ರಯೋಜನ ಇಲ್ಲ. ಹಾರ್ನೆಸ್‌ನಲ್ಲಿ ನೇತಾಡುವವನನ್ನು ಕೂಡಲೇ ಕೆಳಗಿಳಿಸಬೇಕು, ಕಾಲಿನಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುತ್ತದೆ. ಹೇಗೆ ಇಳಿಸುವುದು ಎಂದು ಮೊದಲೇ ಯೋಚಿಸಿ. ಮಳೆ ಬಿದ್ದ ದಿನ, ಗಾಳಿ ಇರುವ ದಿನ ಹತ್ತುವುದೇ ಬೇಡ.

ಏಣಿಗೆ ಒಂದು ಲೆಕ್ಕ ಇದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ದೂರ. ತುದಿ ಹತ್ತುವ ಜಾಗಕ್ಕಿಂತ ಮೂರು ಅಡಿ ಮೇಲೆ ಬರಲಿ, ಮೇಲೆ ಕಟ್ಟಿರಲಿ. ಕರೆಂಟ್ ಲೈನ್ ಹತ್ತಿರ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ.

ಹೆಜ್ಜೆ 5: ನೆಲ ಮತ್ತು ಕರೆಂಟ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ನೆಲ ಒಣಗುವುದೇ ಇಲ್ಲ. ಬಾಗಿಲಲ್ಲಿ ದಪ್ಪ ಚಾಪೆ, ಒಳಗೆ ನೀರು ಹರಿಯಲು ಚರಂಡಿ, ಅದಕ್ಕೆ ಜಾಲಿ. ಎಣ್ಣೆ ಚೆಲ್ಲಿದರೆ ಕೂಡಲೇ ಮರದ ಹುಡಿ ಹಾಕಿ ಗುಡಿಸಿ. ರಬ್ಬರ್ ಚಪ್ಪಲಿಯಲ್ಲಿ ಯಾರೂ ಒಳಗೆ ಬರಬಾರದು.

ಕರೆಂಟ್ ವಿಷಯಕ್ಕೆ ಬಂದರೆ, ಕಡಲಿನ ಉಪ್ಪು ಗಾಳಿ ಅರ್ತಿಂಗ್‌ನ ಜಾಯಿಂಟ್‌ಗಳನ್ನು ತಿಂದು ಹಾಕುತ್ತದೆ. ಹೊರಗೆ ವಯರ್ ಚೆನ್ನಾಗಿ ಕಾಣುತ್ತದೆ, ಬೋಲ್ಟ್ ಹತ್ತಿರ ಹಸಿರು ಹುಡಿ ಆಗಿರುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ಅಳೆಸಿ. ಕೈಯಲ್ಲಿ ಹಿಡಿಯುವ ಎಲ್ಲಾ ಮೆಷಿನ್‌ಗಳ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ವಯರ್ ತುದಿಯನ್ನು ನೇರ ಪ್ಲಗ್ ತೂತಿಗೆ ಸಿಕ್ಕಿಸಿ ಕಡ್ಡಿ ತುರುಕುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಟ್ಯಾಂಕ್ ಒಳಗೆ 24 ವೋಲ್ಟ್ ಲ್ಯಾಂಪ್ ಮಾತ್ರ.

ಹೆಜ್ಜೆ 6: ಬೆನ್ನು

ಬೆನ್ನು ನೋವು ಒಂದೇ ದಿನದಲ್ಲಿ ಬರುವುದಿಲ್ಲ, ಅದಕ್ಕೇ ಯಾರೂ ಅದನ್ನು ಗಾಯ ಎಂದು ಬರೆಯುವುದಿಲ್ಲ. ಸಿಮೆಂಟ್ ಮೂಟೆ 50 ಕಿಲೋ. ಹಸಿ ಗೇರುಬೀಜದ ಗೋಣಿ 80 ಕಿಲೋ. 80 ಕಿಲೋ ಒಬ್ಬನ ಬೆನ್ನಿನ ಮೇಲೆ ಹಾಕುವುದು ತಪ್ಪು. ಎಷ್ಟು ಕಾಲದಿಂದ ನಡೆದು ಬಂದಿದ್ದರೂ ತಪ್ಪೇ. ಟ್ರಾಲಿ ತನ್ನಿ. ನೆಲದ ಮೇಲೆ ಪೇರಿಸುವ ಬದಲು ಪ್ಯಾಲೆಟ್ ಮೇಲೆ ಪ್ಯಾಲೆಟ್ ಇಟ್ಟು ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲೇ ಮೂಟೆ ಇರುವ ಹಾಗೆ ಮಾಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಎತ್ತಲೇಬೇಕಾದಾಗ: ವಸ್ತುವಿನ ಹತ್ತಿರ ನಿಂತು, ಒಂದು ಕಾಲು ಸ್ವಲ್ಪ ಮುಂದಿಟ್ಟು, ಮೊಣಕಾಲು ಮಡಚಿ ಕೂತು ಹಿಡಿಯಿರಿ. ಹೊಟ್ಟೆಗೆ ತಾಗುವಷ್ಟು ಹತ್ತಿರ ತಂದುಕೊಂಡು ಕಾಲಿನ ಬಲದಲ್ಲಿ ಏಳಿ. ತಿರುಗಬೇಕಾದರೆ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ.

ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಕೂತು ದುಡಿಯುವ ಹೆಂಗಸರನ್ನೂ ಮರೆಯಬಾರದು. ಅವರಿಗೆ ಬೆನ್ನಿಗೆ ಆಧಾರ ಇರುವ ಕುರ್ಚಿ, ಎರಡು ಗಂಟೆಗೊಮ್ಮೆ ಎದ್ದು ನಡೆಯಲು ಐದು ನಿಮಿಷ ಬೇಕು. ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ. ಬೂದಿ, ಹರಳೆಣ್ಣೆ ಹಚ್ಚಿಕೊಂಡು ಸುಧಾರಿಸುವುದು ಹಿಂದಿನಿಂದ ಬಂದದ್ದು. ಬೆರಳಿಗೆ ಸರಿಯಾಗಿ ಕೂರುವ ಗ್ಲೌಸ್ ಕೊಡಿ, ತೂತಾದ ದಿನವೇ ಬದಲಿಸಿ. ಸೈಜ್ ಸರಿ ಇಲ್ಲದ ಗ್ಲೌಸ್ ಕೊಟ್ಟು "ಹಾಕುವುದಿಲ್ಲ" ಎಂದು ದೂರುವುದು ನ್ಯಾಯ ಅಲ್ಲ.

ಹೆಜ್ಜೆ 7: ಗ್ರೈಂಡರ್, ಕಣ್ಣು, ಕಿವಿ

ಫ್ಯಾಬ್ರಿಕೇಶನ್ ಶಾಪ್‌ನವರು ಇದನ್ನು ಎರಡು ಸಲ ಓದಿ. ಕಟ್ಟಿಂಗ್ ವೀಲ್ ಮೇಲೆ ಬರೆದ ಸ್ಪೀಡ್ ನಿಮ್ಮ ಗ್ರೈಂಡರ್‌ನ ಸ್ಪೀಡ್‌ಗಿಂತ ಜಾಸ್ತಿ ಇರಬೇಕು. 7 ಇಂಚಿನ ವೀಲನ್ನು ಗಾರ್ಡ್ ಕಿತ್ತು 4 ಇಂಚಿನ ಮೆಷಿನ್‌ಗೆ ಹಾಕಿದರೆ ಅದು ಒಡೆದು ಗುಂಡಿನ ಹಾಗೆ ಹಾರುತ್ತದೆ. ವೀಲ್‌ನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಆ ದಿನ ಕಳೆದಿದ್ದರೆ ಎಸೆಯಿರಿ. ನಮ್ಮ ಹವೆಯಲ್ಲಿ ವೀಲ್ ತೇವ ಎಳೆದುಕೊಳ್ಳುತ್ತದೆ, ಮುಚ್ಚಳದ ಡಬ್ಬದಲ್ಲಿಡಿ. ಹೊಸ ವೀಲ್ ಹಾಕಿದ ಮೇಲೆ ಅರ್ಧ ನಿಮಿಷ ಖಾಲಿ ಓಡಿಸಿ, ಪಕ್ಕದಲ್ಲಿ ನಿಂತು. ಬೆಂಚ್ ಗ್ರೈಂಡರ್‌ನಲ್ಲಿ ಕಲ್ಲು ಮತ್ತು ತುಂಡು ಒರಗಿಸುವ ರೆಸ್ಟ್ ನಡುವಿನ ಅಂತರ 3 ಮಿ.ಮೀ. ಮೀರಬಾರದು, ಮೀರಿದರೆ ತುಂಡು ಒಳಗೆ ಸೆಳೆಯುತ್ತದೆ.

ಕಣ್ಣಿಗೆ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್. ಕಿಡಿ ಸಿಡಿದು ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕರೆ ಉಜ್ಜಬೇಡಿ, ಕರವಸ್ತ್ರದ ತುದಿಯಿಂದ ತೆಗೆಯಲು ಹೋಗಬೇಡಿ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಆಸಿಡ್, ಕಾಸ್ಟಿಕ್ ಬಿದ್ದರೆ ಮಾತ್ರ ಅಲ್ಲೇ, ಆ ಕ್ಷಣವೇ, ಕನಿಷ್ಠ 15 ನಿಮಿಷ ರೆಪ್ಪೆ ಬಿಡಿಸಿ ಹಿಡಿದು ನೀರು ಹರಿಸಿ. ಆಸ್ಪತ್ರೆ ಆಮೇಲೆ.

ಕೈಯಳತೆ ದೂರದಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕಾದರೆ ಆ ಜಾಗದಲ್ಲಿ ಇಯರ್ ಪ್ಲಗ್ ಬೇಕು. ಪ್ಲಗ್ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿ ಮೇಲಕ್ಕೆ ಎಳೆದು, ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸುಮ್ನೆ ಕಿವಿಯ ತೂತಿನ ಬಾಯಲ್ಲಿ ಇಟ್ಟರೆ ಕೆಲಸ ಮಾಡುವುದಿಲ್ಲ.

ಹೆಜ್ಜೆ 8: ಅಮೋನಿಯಾ ಮತ್ತು ಸೆಖೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಅಮೋನಿಯಾ ಅನಿಲದಿಂದ ತಂಪು ಮಾಡುವ ಐಸ್ ಪ್ಲಾಂಟ್‌ನವರು ರಿಪೇರಿ ಮುಗಿಸಬೇಕಾದದ್ದು ಆಗಲೇ. ವಾಲ್ವ್ ಗ್ಲ್ಯಾಂಡ್, ತುಕ್ಕು ಹಿಡಿದ ಪೈಪ್, ಸೇಫ್ಟಿ ವಾಲ್ವ್ ಎಲ್ಲಾ ಆ ಎರಡು ತಿಂಗಳಲ್ಲಿ ನೋಡಿ. ಆಗಸ್ಟ್‌ನಲ್ಲಿ ದೋಣಿ ಹೊರಟ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೋರಿಕೆ ಆದರೆ ಗಾಳಿಗೆ ಅಡ್ಡಲಾಗಿ, ಅದು ಬೀಸುವ ದಿಕ್ಕಿನಿಂದ ತಪ್ಪಿಸಿಕೊಂಡು ಓಡಿ. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದುಕೊಳ್ಳಿ. ಅಮೋನಿಯಾ ನೀರಿನಲ್ಲಿ ಕರಗುವುದರಿಂದ ಓಡಿ ಹೊರಬರುವಷ್ಟು ಹೊತ್ತಿಗೆ ಅದು ಸಹಾಯ ಮಾಡುತ್ತದೆ.

ಮಾರ್ಚ್‌ನಿಂದ ಮೇವರೆಗೆ ಬಾಯ್ಲರ್ ಹತ್ತಿರ ದುಡಿಯುವವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಒಳ್ಳೆಯದು. ಬೆವರು ನಿಂತರೆ ಅಥವಾ ಮಾತು ತೊದಲಿದರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಜ್ಜೆ 9: ಬೆಳಿಗ್ಗೆ ಐದು ನಿಮಿಷ, ಅವರ ಭಾಷೆಯಲ್ಲಿ

ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ನಿಂತು ಮಾತಾಡಿ. ಇವತ್ತಿನ ಕೆಲಸ ಏನು, ಎಲ್ಲಿ ಕೈ ಹೋಗಬಾರದು, ಅಷ್ಟೇ. ನಮ್ಮ ಶೆಡ್‌ಗಳಲ್ಲಿ ತುಳು, ಕನ್ನಡ, ಮಲಯಾಳ ಇರುತ್ತದೆ. ಜೊತೆಗೆ ಒಡಿಶಾ, ಬಿಹಾರ, ಬಂಗಾಳ, ಜಾರ್ಖಂಡ್‌ನ ಹುಡುಗರೂ ಇರುತ್ತಾರೆ. ಕನ್ನಡದಲ್ಲಿ ಬರೆದ ಬೋರ್ಡ್ ಅವರಿಗೆ ಬರೇ ಬಣ್ಣ. ಅವರಲ್ಲೇ ಎರಡು ಭಾಷೆ ಬಲ್ಲ ಒಬ್ಬನನ್ನು ಆರಿಸಿ ಅವನಿಂದಲೇ ಹೇಳಿಸಿ. ಆಮೇಲೆ "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. "ಈಗ ನೀನು ಮಾಡಿ ತೋರಿಸು" ಅನ್ನಿ. ಹೊಸಬನನ್ನು ಮೊದಲ ತಿಂಗಳು ಒಬ್ಬ ಹಳಬನ ಜೊತೆಯಲ್ಲೇ ಇರಿಸಿ. ಡಬಲ್ ಶಿಫ್ಟ್ ಮಾಡಿದವನಿಗೆ ಪ್ರೆಸ್, ಕಟ್ಟರ್ ಕೊಡಬೇಡಿ.

ಆದರೂ ಗಾಯ ಆದರೆ

ಫಸ್ಟ್ ಏಡ್ ಡಬ್ಬಕ್ಕೆ ಬೀಗ ಹಾಕಿಡಬೇಡಿ. ಸುಟ್ಟರೆ 20 ನಿಮಿಷ ಹರಿಯುವ ನೀರು. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಏನೂ ಹಚ್ಚಬೇಡಿ. ರಕ್ತ ಹರಿದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ಬೆರಳು ತುಂಡಾದರೆ ಆ ತುಂಡನ್ನು ಗಾಯಕ್ಕೆ ಕಟ್ಟುವ ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಿ. ನೇರ ಐಸ್ ತಾಗಿದರೆ ಮಾಂಸ ಸತ್ತು ಹೋಗುತ್ತದೆ. ಅಂದು ನಮಗೆ ಇದು ಗೊತ್ತಿರಲಿಲ್ಲ. ಕೈಯ ಸರ್ಜರಿ ಮಾಡುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ವಿಚಾರಿಸಿ ಗೋಡೆಗೆ ಬರೆದಿಡಿ. 108ಕ್ಕೆ ಫೋನ್ ಮಾಡಿದ ಕೂಡಲೇ ಒಬ್ಬನನ್ನು ಮುಖ್ಯ ರಸ್ತೆಯ ತಿರುವಿನಲ್ಲಿ ನಿಲ್ಲಿಸಿ. ಬೈಕಂಪಾಡಿಯ ಒಳರಸ್ತೆಗಳಲ್ಲಿ ಎಲ್ಲಾ ಗೇಟ್ ಒಂದೇ ತರ ಕಾಣುತ್ತವೆ.

ಅದೇ ದಿನ ಅಪಘಾತದ ಪುಸ್ತಕದಲ್ಲಿ ಬರೆದು, ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆಗೆ) ವರದಿ ಕಳಿಸಿ. ತಿಂಗಳ ಸಂಬಳ 21,000 ರೂಪಾಯಿ ಮಿತಿಯ ಒಳಗಿರುವ, ಇಎಸ್‌ಐಗೆ ಸೇರಿದ ಕಾರ್ಮಿಕನಿಗೆ ಕೆಲಸದಲ್ಲಿ ಆದ ಗಾಯಕ್ಕೆ ರಜೆಯ ದಿನಗಳಲ್ಲಿ ಸಂಬಳದ 90 ಶೇಕಡಾ ಸಿಗುತ್ತದೆ, ಶಾಶ್ವತ ಊನ ಆದರೆ ತಿಂಗಳ ಪಿಂಚಣಿ. ಸೇರಿದ ಮೊದಲ ದಿನವೇ ಗಾಯ ಆದರೂ ಈ ಹಕ್ಕು ಇದೆ. ಗುತ್ತಿಗೆಯವನಿಗೂ ಇದೆ. "ಮನೆಯಲ್ಲಿ ಬಿದ್ದದ್ದು ಎಂದು ಹೇಳು, ಖರ್ಚು ನಾವು ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ಇಎಸ್‌ಐ ನಂಬರ್ ಇವತ್ತೇ ಕೇಳಿ ಪಡೆದು ಫೋನ್‌ನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡಿ.